ಪಟ್ಟಿ ಬಾಯಿಪಾಠ ಇದ್ದರೂ ಮಾತಾಡುವಾಗ ‘ಬಿಗ್ಗೆಸ್ಟ್’, ‘ಈಸಿಯೆಸ್ಟ್’ ಯಾಕೆ ಬಾಯಿಗೆ ಬರುವುದಿಲ್ಲ?

ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಪಟ್ಟಿ ಚೆನ್ನಾಗಿ ಗೊತ್ತು, ಬರೆಯುವಾಗ ತಪ್ಪುವುದಿಲ್ಲ, ಮಾತಿಗೆ ನಿಂತರೆ ಮಾತ್ರ ‘ವೆರಿ ವೆರಿ ಬಿಗ್’ ಅಂತಲೇ ಬರುತ್ತದೆ ಎಂದಿದ್ದೀರಿ. ನಾನೂ ಇದೇ ಜಾಗದಲ್ಲಿ ಬಹಳ ದಿನ ಸಿಕ್ಕಿಕೊಂಡಿದ್ದೆ. ಒಂದು ಮೀಟಿಂಗ್‌ನಲ್ಲಿ ಮೂರು ಪ್ಲಾನ್ ಮುಂದಿಟ್ಟು ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದರು. ‘ದಿಸ್ ಈಸ್ ಗುಡ್ ದ್ಯಾನ್ ಆಲ್’ ಎಂದೆ. ‘ಬೆಸ್ಟ್’ ಎನ್ನುವ ಪದ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಆಮೇಲೆ ಕೂತು ಯೋಚಿಸಿದೆ. ಕನ್ನಡದಲ್ಲಿ ಹೋಲಿಸುವಾಗ ನಾವು ಗುಣ ಹೇಳುವ ಪದವನ್ನು ಮುಟ್ಟುವುದೇ ಇಲ್ಲ. ‘ಇದು ದೊಡ್ಡದು’, ‘ಇದು ಅದಕ್ಕಿಂತ ದೊಡ್ಡದು’, ‘ಇದು ಎಲ್ಲಕ್ಕಿಂತ ದೊಡ್ಡದು’. ಮೂರರಲ್ಲೂ ‘ದೊಡ್ಡದು’ ಹಾಗೇ ಕೂತಿದೆ. ಕೆಲಸವೆಲ್ಲ ‘ಗಿಂತ’ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಪದದ ಬಾಲವೇ ಬದಲಾಗಬೇಕು. ಹಾಗಾಗಿ ತಲೆಯಲ್ಲಿ ‘ಎಲ್ಲಕ್ಕಿಂತ’ ಎಂದು ಹುಟ್ಟಿದ ಮಾತು ಬಾಯಿಗೆ ಬರುವಾಗ ‘ದ್ಯಾನ್ ಆಲ್’ ಆಗಿಬಿಡುತ್ತದೆ. ‘ಎಲ್ಲಕ್ಕಿಂತ’ ಎನ್ನುವುದನ್ನು ‘ಎಸ್ಟ್’ ಆಗಲೇ ಹೇಳಿ ಮುಗಿಸಿದೆ. ಅದರ ಜೊತೆ ‘ದ್ಯಾನ್’ ಬೇಡ.

ನನಗೆ ದಾರಿ ತೋರಿಸಿದ್ದು ಕನ್ನಡದ ಇನ್ನೊಂದು ರೂಢಿ. ‘ಅವಳು ಕ್ಲಾಸಿಗೇ ಜಾಣೆ’ ಅನ್ನುತ್ತೇವೆ ಅಲ್ವಾ? ಇಲ್ಲಿ ‘ಗಿಂತ’ ಇಲ್ಲ. ಗುಂಪು ಯಾವುದು ಎಂದು ಹೇಳಿ, ಅದರಲ್ಲಿ ಒಬ್ಬಳನ್ನು ಎತ್ತಿ ತೋರಿಸುತ್ತೇವೆ. ಇಂಗ್ಲಿಷ್ ಮಾಡುವುದೂ ಇದನ್ನೇ: ‘ಷಿ ಈಸ್ ದ ಸ್ಮಾರ್ಟೆಸ್ಟ್ ಗರ್ಲ್ ಇನ್ ದ ಕ್ಲಾಸ್.’ ಎತ್ತಿ ತೋರಿಸುವ ಬೆರಳೇ ಆ ‘ದ’. ಅದಕ್ಕೇ ಅದನ್ನು ಬಿಡಬಾರದು. ‘ಎಲ್ಲಕ್ಕಿಂತ’ ಬದಲು ‘ಕ್ಲಾಸಿಗೇ’ ಎಂದು ಯೋಚಿಸಲು ಶುರು ಮಾಡಿದ ಮೇಲೆ ‘ದ್ಯಾನ್’ ತಾನಾಗಿಯೇ ಬಿಟ್ಟುಹೋಯಿತು.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಮಗೆ ‘ಕ್ಲಾಸಿನಲ್ಲಿ’, ‘ಮೂರರಲ್ಲಿ’ ಎರಡಕ್ಕೂ ಒಂದೇ ‘ಅಲ್ಲಿ’ ಸಾಕು. ಇಂಗ್ಲಿಷ್‌ನಲ್ಲಿ ಜಾಗಕ್ಕೆ, ತಂಡಕ್ಕೆ ‘ಇನ್’. ಎಣಿಸುವ ವಸ್ತುಗಳಿಗೆ ‘ಆಫ್’: ‘ದ ಚೀಪೆಸ್ಟ್ ಆಫ್ ದ ತ್ರೀ’.

‘ಎಸ್ಟ್’ ನಮಗೆ ಪರಕೀಯ ಎಂದು ಹೆದರಬೇಡಿ. ಕನಿಷ್ಠ, ಗರಿಷ್ಠ, ಬಲಿಷ್ಠ, ಶ್ರೇಷ್ಠ, ಜ್ಯೇಷ್ಠ ಪದಗಳನ್ನು ದಿನವೂ ಬಳಸುತ್ತೇವೆ. ಇವು ಸಂಸ್ಕೃತದಿಂದ ಬಂದವು. ಇವುಗಳ ಕೊನೆಯ ‘ಇಷ್ಠ’ ಮತ್ತು ಇಂಗ್ಲಿಷಿನ ‘ಎಸ್ಟ್’ ಒಂದೇ ಹಳೆಯ ಮೂಲದಿಂದ ಹುಟ್ಟಿದ ಪ್ರತ್ಯಯಗಳು. ಬಲಿಷ್ಠ ಅಂದರೆ ಸ್ಟ್ರಾಂಗೆಸ್ಟ್. ಇದು ತಿಳಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಪದಗಳನ್ನು ಜೋಡಿ ಜೋಡಿಯಾಗಿ ಜೋರಾಗಿ ಹೇಳಿಕೊಂಡೆ. ‘ಮೋಸ್ಟ್ ಬಿಗ್ಗೆಸ್ಟ್’ ಯಾಕೆ ತಪ್ಪು ಎನ್ನುವುದೂ ಇಲ್ಲೇ ಗೊತ್ತಾಗುತ್ತದೆ. ‘ಅತ್ಯಂತ ಶ್ರೇಷ್ಠ’ ಎಂದಾಗ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಸುಮಾರು 400 ವರ್ಷದ ಹಿಂದೆ ಇಂಗ್ಲಿಷ್‌ನಲ್ಲೂ ಹೀಗೆ ಎರಡೆರಡು ಹಚ್ಚಿ ಬರೆಯುತ್ತಿದ್ದರು. ಈಗ ಒಂದೇ ಇರಬೇಕು.

ಯಾವ ಪದಕ್ಕೆ ‘ಎಸ್ಟ್’, ಯಾವುದಕ್ಕೆ ‘ಮೋಸ್ಟ್’ ಎಂಬುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕ ಪದಕ್ಕೆ ಎಸ್ಟ್. ಈಸಿ, ಹ್ಯಾಪಿ ತರಹ ‘ಈ’ ಸದ್ದಿನಲ್ಲಿ ಮುಗಿಯುವ ಎರಡು ತುಂಡಿನ (ಈ-ಸಿ, ಹ್ಯಾ-ಪಿ) ಪದಕ್ಕೂ ಎಸ್ಟ್. ಬ್ಯೂಟಿಫುಲ್, ಡಿಫಿಕಲ್ಟ್, ಎಕ್ಸ್‌ಪೆನ್ಸಿವ್ ತರಹದ ಉದ್ದ ಪದಕ್ಕೆ ಮೋಸ್ಟ್. ಬೆಸ್ಟ್, ವರ್ಸ್ಟ್, ಲೀಸ್ಟ್ ಹಾಗೇ ನೆನಪಿಡಬೇಕು. ಕ್ಲೆವರ್, ಸಿಂಪಲ್ ತರಹದ ಕೆಲವಕ್ಕೆ ಎರಡೂ ನಡೆಯುತ್ತದೆ.

ನಿಜವಾದ ಕೆಲಸ ಇರುವುದು ಮಾತಿನ ಅಚ್ಚುಗಳಲ್ಲಿ. ದಿನದ ಮಾತಿನಲ್ಲಿ ಈ ಪದಗಳು ಒಂಟಿಯಾಗಿ ಬರುವುದು ಕಡಿಮೆ, ಕೆಲವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಾನು ಮೊದಲು ಹಿಡಿದದ್ದು ‘ಎವರ್’ ಇರುವ ಅಚ್ಚು: ‘ಇಟ್ಸ್ ದ ಲಾಂಗೆಸ್ಟ್ ಮೂವಿ ಐ ಹ್ಯಾವ್ ಎವರ್ ಸೀನ್.’ ನಾನು ಇಲ್ಲಿವರೆಗೆ ನೋಡಿದ್ದರಲ್ಲೇ ಉದ್ದದ ಸಿನಿಮಾ ಎಂದು ಅರ್ಥ. ‘ಮೂವಿ’, ‘ಸೀನ್’ ಕಿತ್ತು ‘ಬುಕ್’, ‘ರೆಡ್’ ಹಾಕಿ. ‘ಪರ್ಸನ್’, ‘ಮೆಟ್’ ಹಾಕಿ. ಒಂದೇ ವಾಕ್ಯದಿಂದ ಹತ್ತಾರು ಮಾತು ಹುಟ್ಟುತ್ತವೆ.

ಇನ್ನೊಂದು ‘ಒನ್ ಆಫ್ ದ’. ಇದನ್ನು ನಾನು ತುಂಬಾ ಬಳಸುತ್ತೇನೆ, ಏಕೆಂದರೆ ಮೊದಲನೆಯ ಸ್ಥಾನ ಯಾರಿಗೆ ಎಂದು ತೀರ್ಮಾನ ಮಾಡಬೇಕಾಗಿಲ್ಲ. ಆದರೆ ಮುಂದೆ ಬಹುವಚನ ಬೇಕು: ‘ಒನ್ ಆಫ್ ದ ಕೈಂಡೆಸ್ಟ್ ಪೀಪಲ್ ಐ ನೋ.’ ಇನ್ನು ‘ಮೈ’ ಬಂದರೆ ‘ದ’ ಬಿಟ್ಟುಹೋಗುತ್ತದೆ: ‘ಮೈ ಬಿಗ್ಗೆಸ್ಟ್ ವರಿ’. ಅಕ್ಕಂದಿರು ಇಬ್ಬರಿಗಿಂತ ಹೆಚ್ಚಿದ್ದರೆ ದೊಡ್ಡಕ್ಕ ‘ಮೈ ಬಿಗ್ ಸಿಸ್ಟರ್’ ಅಲ್ಲ, ‘ಮೈ ಎಲ್ಡೆಸ್ಟ್ ಸಿಸ್ಟರ್’.

ಉಚ್ಚಾರಣೆಯಲ್ಲಿ ಒಂದು ಸಣ್ಣ ವಿಷಯ. ಸ್ವರದ ಮುಂದೆ ‘ದ’ ಹೋಗಿ ‘ದಿ’ ಆಗುತ್ತದೆ: ದ ಬಿಗ್ಗೆಸ್ಟ್, ಆದರೆ ದಿ ಓಲ್ಡೆಸ್ಟ್, ದಿ ಈಸಿಯೆಸ್ಟ್. ಒತ್ತು ಮೂಲ ಪದದಲ್ಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ, ‘ಎಸ್ಟ್’ ಮೇಲೆ ಅಲ್ಲ. ನಾವು ‘ಎಸ್ಟ್’ ಅನ್ನು ಎಳೆದು ಒತ್ತಿ ಹೇಳುತ್ತೇವೆ. ಇಂಗ್ಲಿಷರ ಬಾಯಲ್ಲಿ ಅದು ಮೆಲ್ಲಗೆ ‘ಇಸ್ಟ್’ ಎಂದು ಜಾರಿಹೋಗುತ್ತದೆ. ಅದಕ್ಕೇ ಕೇಳುವಾಗ ನಮ್ಮ ಕಿವಿಗೆ ಎಷ್ಟೋ ಸಲ ಅದು ಬೀಳುವುದೇ ಇಲ್ಲ.

ಅಭ್ಯಾಸಕ್ಕೆ, ದಯವಿಟ್ಟು ಉತ್ತರ ಹೇಳುವುದರಿಂದ ಶುರು ಮಾಡಬೇಡಿ. ಪ್ರಶ್ನೆ ಕೇಳುವುದರಿಂದ ಶುರು ಮಾಡಿ. ಪ್ರಶ್ನೆಯನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಬಹುದು, ಉತ್ತರಕ್ಕೆ ಅಷ್ಟು ಸಮಯ ಸಿಗುವುದಿಲ್ಲ. ‘ವಾಟ್ಸ್ ದಿ ಈಸಿಯೆಸ್ಟ್ ವೇ ಟು ಡು ದಿಸ್?’ ಎಂದು ಜೊತೆ ಕೆಲಸ ಮಾಡುವವರನ್ನು ಕೇಳಿ. ‘ವಾಟ್ ವಾಸ್ ದ ಹಾರ್ಡೆಸ್ಟ್ ಪಾರ್ಟ್?’ ಎಂದು ಗೆಳೆಯರನ್ನು ಕೇಳಿ. ಅವರು ಬಹಳ ಸಲ ‘ದ ಹಾರ್ಡೆಸ್ಟ್ ಪಾರ್ಟ್ ವಾಸ್...’ ಎಂದೇ ಉತ್ತರ ಶುರು ಮಾಡುತ್ತಾರೆ. ನೀವು ಹೇಳಿದ ಅಚ್ಚು ಅಲ್ಲೇ ಇನ್ನೊಮ್ಮೆ ನಿಮ್ಮ ಕಿವಿಗೆ ಬೀಳುತ್ತದೆ. ಆಮೇಲೆ ಅವರು ‘ಅಂಡ್ ಫಾರ್ ಯು?’ ಎಂದು ತಿರುಗಿಸಿ ಕೇಳಿದರೆ, ವಾಕ್ಯದ ಅರ್ಧ ಆಗಲೇ ನಿಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ.