ತುರ್ತು ಕರೆಯಲ್ಲಿ ಮೊದಲು ‘ಎಲ್ಲಿ?’

ಪ್ರಶ್ನೆ: ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ತುರ್ತು ಕರೆ ಸ್ವೀಕರಿಸಿ ಗಸ್ತು ವಾಹನ ಕಳಿಸುವ ಕೆಲಸಕ್ಕೆ ಸೇರಿದ್ದೇನೆ. ಕರೆ ಮಾಡಿದವರು ಕಿರುಚಾಡುತ್ತಿದ್ದರೆ ಏನನ್ನು ಮೊದಲು ಕೇಳಬೇಕು?

ಉತ್ತರ: ಜಾಗ. ‘ಏನಾಯಿತು’ ಅನ್ನುವುದು ಆಮೇಲೆ. ಲೈನ್ ಯಾವ ಕ್ಷಣದಲ್ಲಾದರೂ ಕಟ್ ಆದೀತು. ವಿಷಯ ಅರ್ಧಂಬರ್ಧ ಗೊತ್ತಿದ್ದರೂ ಗಾಡಿ ಕಳಿಸಬಹುದು. ಜಾಗ ಗೊತ್ತಿಲ್ಲದಿದ್ದರೆ ಕೈಕಟ್ಟಿ ಕೂರಬೇಕು. ಪರದೆಯಲ್ಲಿ ಮೂಡುವ ಮೊಬೈಲ್ ಲೊಕೇಶನ್ ನಂಬಿ ಸುಮ್ಮನಾಗಬೇಡಿ. ಕೆಲವು ಸಲ ಅದು ಟವರಿನ ಸುತ್ತಲಿನ ದೊಡ್ಡ ವೃತ್ತವಷ್ಟೇ. ರಸ್ತೆ, ಅಡ್ಡರಸ್ತೆ, ಮನೆ ನಂಬರ್, ಮಹಡಿ, ಎದುರಿಗೆ ಕಾಣುವ ಬೋರ್ಡು ಕೇಳಿ. ನೀವೇ ವಿಳಾಸ ಓದಿ ‘ಸರಿನಾ?’ ಅಂದರೆ ಗಾಬರಿಯಲ್ಲಿದ್ದವರು ಹೂಂ ಅಂದುಬಿಡುತ್ತಾರೆ. ಅವರ ಬಾಯಿಂದಲೇ ಎರಡನೇ ಸಲ ಹೇಳಿಸಿ.

‘ಸಮಾಧಾನ ಮಾಡಿಕೊಳ್ಳಿ’ ಅನ್ನಲೇಬೇಡಿ, ಕಿರುಚಾಟ ಜಾಸ್ತಿಯಾಗುತ್ತದೆ. ‘ಗಾಡಿ ಕಳಿಸೋಕೆ ಮನೆ ನಂಬರ್ ಬೇಕು, ಹೇಳಿ’ ಎಂದು ಕಾರಣ ಸೇರಿಸಿ, ಅದೇ ದನಿಯಲ್ಲಿ, ಅದೇ ಪದಗಳಲ್ಲಿ ಮೂರ್ನಾಲ್ಕು ಸಲ ಹೇಳಿ. ಪದ ಬದಲಿಸಿದರೆ ಅವರಿಗೆ ಅದು ಹೊಸ ಪ್ರಶ್ನೆ. ‘ಇನ್ನೂ ಪ್ರಶ್ನೆ ಕೇಳ್ತಾ ಕೂತಿದ್ದೀರಾ!’ ಎಂದು ರೇಗುವವರಿಗೆ ‘ಗಾಡಿ ಹೊರಟಿದೆ, ಅವರಿಗೆ ತಿಳಿಸೋಕೆ ಕೇಳ್ತಿದ್ದೀನಿ’ ಅನ್ನಬಹುದು, ನಿಜಕ್ಕೂ ಹೊರಟಿದ್ದರೆ ಮಾತ್ರ.

ಮುಂದಿನದು ಆಯುಧ. ‘ಅವನ ಹತ್ರ ಚಾಕು ಇದೆ’ ಅಂದರೆ ‘ನೀವೇ ನೋಡಿದ್ರಾ?’ ಎಂದು ಕೇಳಿ. ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು ಎರಡನ್ನೂ ಬೇರೆ ಬೇರೆ ಟೈಪ್ ಮಾಡಿ. ಓಡಿಹೋದವನ ಚಹರೆಯನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ಕೇಳಿದರೆ ಏನೂ ಬಿಟ್ಟುಹೋಗುವುದಿಲ್ಲ. ಎಷ್ಟು ನಿಮಿಷವಾಯಿತು, ಯಾವ ಕಡೆ ಹೋದ? ‘ಎಡಕ್ಕೆ’ ಅಂದರೆ ಯಾರ ಎಡ? ಯಾವ ಸರ್ಕಲ್ ಕಡೆಗೆ ಎಂದು ಕೇಳಿ.

ಪ್ರಶ್ನೆ: ವೈರ್‌ಲೆಸ್‌ನಲ್ಲಿ ನನ್ನ ಮೊದಲ ಪದವೇ ಕೇಳಿಸುವುದಿಲ್ಲವಂತೆ. ಯಾಕೆ?

ಉತ್ತರ: ಗುಂಡಿ ಒತ್ತಿದ ಕೂಡಲೇ ಮಾತು ಶುರು ಮಾಡುತ್ತಿದ್ದೀರಿ. ಚಾನೆಲ್ ತೆರೆದುಕೊಳ್ಳಲು ತುಸು ಹೊತ್ತು ಹಿಡಿಯುತ್ತದೆ. ಒತ್ತಿ, ಒಂದು ಸೆಕೆಂಡು ತಡೆದು, ಮೊದಲು ಗಾಡಿಯ ಕರೆಸಂಕೇತ, ಅಂದರೆ ವೈರ್‌ಲೆಸ್‌ನಲ್ಲಿ ಅದನ್ನು ಕರೆಯುವ ಹೆಸರು, ಹೇಳಿ. ಸಂಖ್ಯೆಗಳನ್ನು ಬಿಡಿ ಅಂಕಿಯಾಗಿ ಹೇಳಿ: ಗೊರಗೊರ ಸದ್ದಿನಲ್ಲಿ ಎಪ್ಪತ್ತೂ ಇಪ್ಪತ್ತೂ ಒಂದೇ. ವಿಳಾಸ ಎರಡು ಸಲ. ಗಾಡಿಯವರು ಅದನ್ನು ತಿರುಗಿ ಹೇಳುವವರೆಗೆ ಸಂದೇಶ ತಲುಪಿಲ್ಲ ಎಂದೇ ಲೆಕ್ಕ.

ಪ್ರಶ್ನೆ: ಕರೆ ಬಂದು ಯಾರೂ ಮಾತಾಡದಿದ್ದರೆ?

ಉತ್ತರ: ಇಡಬೇಡಿ. ಹಿನ್ನೆಲೆಯ ಸದ್ದು ಆಲಿಸಿ, ಕೇಳಿಸಿದ್ದನ್ನೆಲ್ಲ ಟೈಪ್ ಮಾಡಿ. ‘ಮಾತಾಡೋಕೆ ಆಗ್ದಿದ್ರೆ ಒಂದು ಗುಂಡಿ ಒತ್ತಿ’ ಅನ್ನಿ. ಪ್ರತಿಕ್ರಿಯೆ ಬಂದರೆ ಹೌದು–ಇಲ್ಲ ಎನ್ನಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಿ. ಲೈನ್ ಕಟ್ಟಾದರೆ ಸಾಮಾನ್ಯವಾಗಿ ನಾವೇ ವಾಪಸ್ ಕರೆ ಮಾಡುತ್ತೇವೆ. ಆದರೆ ಎಲ್ಲೋ ಅಡಗಿ ಕೂತು ಪಿಸುಗುಟ್ಟಿದಂತೆ ಕೇಳಿಸಿದ್ದರೆ ಮೇಲಧಿಕಾರಿಯನ್ನು ಕೇಳದೆ ಮಾಡಬೇಡಿ. ರಿಂಗಾದ ಫೋನೇ ಅವರನ್ನು ಹಿಡಿದುಕೊಟ್ಟೀತು.