ಡಿಕ್ಕಿಯ ಗಾಯ ಎಲ್ಲಿ ಹುಡುಕಬೇಕು?

ಮಾನ್ವಿಯ ಓದುಗರೊಬ್ಬರು ಕೇಳಿದ್ದಾರೆ: ‘ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆದು ಕೂಡಿಕೊಂಡರೆ ನಡುವಿನ ಕಪ್ಪುಕುಳಿ ಚುರುಕಾಗುತ್ತದೆ ಎಂದು ನಿಮ್ಮ ಪತ್ರಿಕೆ ಹೇಳುತ್ತಲೇ ಇದೆ. ಹಬಲ್ ಚಿತ್ರಗಳು 2011ರಲ್ಲೇ ಅದನ್ನು ಸುಳ್ಳು ಮಾಡಲಿಲ್ಲವೇ?’

ಸಿಟ್ಟಿನ ಪತ್ರವಾದರೂ ಓದಿಕೊಂಡು ಬರೆದದ್ದು, ಸಂತೋಷ. ಆ ಅಧ್ಯಯನದಲ್ಲಿ 140 ಸಕ್ರಿಯ ಗ್ಯಾಲಕ್ಸಿಗಳನ್ನು, ಅಂದರೆ ನಡುವಿನ ಕಪ್ಪುಕುಳಿ ಅನಿಲ ನುಂಗುತ್ತ ಕೇಂದ್ರ ಉರಿಯುತ್ತಿರುವಂಥವನ್ನು, ನೋಡಿದರು. ಶೇ 85ಕ್ಕೂ ಹೆಚ್ಚಿನವುಗಳಲ್ಲಿ ದೊಡ್ಡ ವಿರೂಪ, ಅಂದರೆ ಡಿಕ್ಕಿಯ ಗಾಯ, ಕಾಣಲಿಲ್ಲ. ಸಾಧಾರಣ ಬೆಳಕಿನ ಕೇಂದ್ರಗಳಿಗೆ ಡಿಕ್ಕಿಯೇ ಬೇಕೆಂದಿಲ್ಲ, ಒಪ್ಪಿದೆವು. ನೀವು ಅಲ್ಲಿಗೇ ಓದು ನಿಲ್ಲಿಸಿದ್ದು ಮಾತ್ರ ಸರಿಯಲ್ಲ.

ಡ್ಯಾಂ ತುಂಬಿದರೂ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ಕಥೆ ಮಾನ್ವಿಯವರಿಗೆ ಹೇಳಬೇಕೆ? ಗ್ಯಾಲಕ್ಸಿಯದ್ದೂ ಅದೇ ಪಾಡು. ಸೂರ್ಯನ ಹತ್ತು ಕೋಟಿ ಪಟ್ಟು ತೂಕದ ಕಪ್ಪುಕುಳಿ ಪೂರ್ತಿ ಪ್ರಖರವಾಗಿ ಉರಿಯಲು ವರ್ಷಕ್ಕೆ ಎರಡು ಸೂರ್ಯರಷ್ಟು ಅನಿಲ ಸಾಕು. ಅನಿಲ ಬೇಕಾದಷ್ಟಿದೆ, ಆದರೆ ಅದು ಸುತ್ತುತ್ತಿದೆ. ಕೋನೀಯ ಸಂವೇಗ, ಅಂದರೆ ಆ ಸುತ್ತಿನ ರಭಸ, ಕಳೆದುಕೊಳ್ಳದೆ ಒಳಗಿಳಿಯದು. ನೆರೆಯ ಗ್ಯಾಲಕ್ಸಿ ಹತ್ತಿರ ಬಂದಾಗ ಅದರ ಸೆಳೆತಕ್ಕೆ ನಕ್ಷತ್ರಗಳೂ ಅನಿಲವೂ ಉದ್ದನೆಯ ಪಟ್ಟಿಗಳಾಗುತ್ತವೆ. ಅನಿಲದ ಪಟ್ಟಿ ತುಸು ಮುಂದೆ ಓಡುತ್ತದೆ, ನಕ್ಷತ್ರಗಳ ಪಟ್ಟಿ ಅದನ್ನು ಹಿಂದಕ್ಕೆ ಜಗ್ಗುತ್ತದೆ, ಅನಿಲ ಒಳಕ್ಕೆ ಕುಸಿಯುತ್ತದೆ. ಕೊನೆಯ ಕೆಲವು ನೂರು ಜ್ಯೋತಿರ್ವರ್ಷಗಳಲ್ಲಿ ಮತ್ತೆ ತಡೆ. ಬಹುಪಾಲು ಅಲ್ಲೇ ನಕ್ಷತ್ರಗಳಾಗಿ ಮುಗಿದುಹೋಗುತ್ತದೆ.

ಗಾಯ ಯಾಕೆ ಕಾಣಲಿಲ್ಲ? ಅನಿಲದ ಜೊತೆ ಧೂಳೂ ಬರುತ್ತದೆ. 2011ರ ಗ್ಯಾಲಕ್ಸಿಗಳನ್ನು ಎಕ್ಸ್-ರೇ ನೋಡಿ ಆರಿಸಿದ್ದರು. ಹೊಸದಾಗಿ ಧೂಳು ಹೊದ್ದುಕೊಂಡ ಕೇಂದ್ರಗಳು ಆ ಜರಡಿಗೆ ಸಿಗುವುದೇ ಕಷ್ಟ. ಡಿಕ್ಕಿ ಮುಗಿಯಲು ನೂರು ಕೋಟಿ ವರ್ಷ ಹಿಡಿದರೆ ಕೇಂದ್ರ ನಡುನಡುವೆ ಹೊತ್ತಿ ಆರುತ್ತಿರುತ್ತದೆ, ಅಷ್ಟರಲ್ಲಿ ಡಿಕ್ಕಿಯ ಸೆಳೆತಕ್ಕೆ ಗ್ಯಾಲಕ್ಸಿಯಿಂದ ಹೊರಚಾಚಿದ ಬಾಲಗಳೂ ಮಸುಕಾಗುತ್ತವೆ. ಧೂಳನ್ನು ದಾಟಿ ಬರುವ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ 2014ರಲ್ಲಿ ಹುಡುಕಿದವರಿಗೆ, ಆಗತಾನೇ ಒಂದಾದ ಗ್ಯಾಲಕ್ಸಿಗಳಲ್ಲಿ ಸಕ್ರಿಯ ಕೇಂದ್ರಗಳು ಒಂಟಿಗಳಿಗಿಂತ 10ರಿಂದ 20 ಪಟ್ಟು ಹೆಚ್ಚು ಸಿಕ್ಕವು. ಎನ್‌ಜಿಸಿ 6240 ಎಂಬ ಕೂಡಿಕೊಳ್ಳುತ್ತಿರುವ ಗ್ಯಾಲಕ್ಸಿಯಲ್ಲಿ ಧೂಳಿನ ಹಿಂದಿದ್ದ ಎರಡು ಕಪ್ಪುಕುಳಿಗಳೂ ಉರಿಯುತ್ತಿವೆ ಎಂದು 2002ರಲ್ಲಿ ತೋರಿಸಿದ್ದು ಚಂದ್ರಾ ಎಂಬ ಬಾಹ್ಯಾಕಾಶ ದೂರದರ್ಶಕ. ನಡುವೆ ಬರೀ 3000 ಜ್ಯೋತಿರ್ವರ್ಷ.

2021ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ನಮ್ಮದೇ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟನ್ನೂ ಬಳಸಿ, ಕೂಡಿಕೊಳ್ಳುತ್ತಿರುವ ಒಂದೇ ಗುಂಪಿನಲ್ಲಿ ಮೂರು ಸಕ್ರಿಯ ಕೇಂದ್ರ ಕಂಡರು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ‘ಸಿದ್ಧಾಂತ ಬುಡಮೇಲು’ ಎಂದರೆ ನಮ್ಮವರು ಮುಖಪುಟ ಕೊಡುತ್ತಾರೆ. ಹತ್ತು ವರ್ಷದ ನಂತರ ಅದೇ ಸಿದ್ಧಾಂತ ಅರ್ಧ ಎದ್ದು ಕೂತರೆ ಒಳಪುಟದಲ್ಲೂ ಜಾಗವಿಲ್ಲ. ಮುಂದಿನ ಪತ್ರದಲ್ಲಿ, ಯಾವ ಬೆಳಕಿನಲ್ಲಿ ಆರಿಸಿದರು, ಯಾವ ಒಂಟಿ ಗ್ಯಾಲಕ್ಸಿಗಳ ಜೊತೆ ಹೋಲಿಸಿದರು ಎಂದೂ ಬರೆಯಿರಿ; ಆಮೇಲೆ ಜಗಳವಾಡೋಣ.

-ಸಂ.