ಎಪ್ಪತ್ತು ದಾಟಿದ ಯುದ್ಧಕಾಲದ ಪೈಲಟ್‌ಗಳು ಈಗಲೂ ರೋಗಿಗಳನ್ನು ವಿಮಾನದಲ್ಲಿ ಕರೆದೊಯ್ಯುತ್ತಾರೆಯೇ?

ಅಮೆರಿಕದಲ್ಲಿ ಹಿಂದೆ ಯುದ್ಧದಲ್ಲಿ ಹಾರಾಟ ನಡೆಸಿದ ವೃದ್ಧರು ಇಂದಿಗೂ ಸ್ವಂತ ವಿಮಾನದಲ್ಲಿ ರೋಗಿಗಳನ್ನು ಉಚಿತವಾಗಿ ಆಸ್ಪತ್ರೆಯ ಊರಿಗೆ ತಲುಪಿಸುತ್ತಾರೆಂಬುದು ನಿಜವೇ, ಅಂಥವರನ್ನು ಯಾರಾದರೂ ಕಂಡಿದ್ದೀರಾ, ಆ ವಯಸ್ಸಿನವರನ್ನು ನಂಬಿ ಹತ್ತುವುದು ಸುರಕ್ಷಿತವೇ ಎಂದು ಕೇಳಿದ್ದೀರಿ. ನಿಜ, ಮತ್ತು ಅಂಥ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಸುರಕ್ಷತೆಯ ಬಗ್ಗೆ ಹೇಳುವುದಕ್ಕೆ ಸ್ವಲ್ಪ ವಿವರ ಬೇಕು.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶದಲ್ಲಿ. ಇಲ್ಲಿ 1983ರಲ್ಲಿ ಆರಂಭವಾದ ಏಂಜೆಲ್ ಫ್ಲೈಟ್ ವೆಸ್ಟ್ ಎಂಬ ಸೇವಾಸಂಸ್ಥೆಯಿದೆ. ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಊರುಗಳ ರೋಗಿಗಳನ್ನು ಅದರ ಸ್ವಯಂಸೇವಕ ಪೈಲಟ್‌ಗಳು ಕರೆತಂದು ಮರಳಿ ಮುಟ್ಟಿಸುತ್ತಾರೆ. ವಿಮಾನ ಅವರದು, ಇಂಧನದ ಖರ್ಚು ಅವರದು, ಸಮಯವೂ ಅವರದು. ರೋಗಿ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಆದರೆ ಇದು ಏರ್ ಆಂಬುಲೆನ್ಸ್ ಅಲ್ಲ. ಒಳಗೆ ವೈದ್ಯರಾಗಲಿ ದಾದಿಯಾಗಲಿ ಇರುವುದಿಲ್ಲವಾದ್ದರಿಂದ, ಸಣ್ಣ ವಿಮಾನವನ್ನು ಹತ್ತಿ ಇಳಿಯುವಷ್ಟು ಶಕ್ತಿಯಿರುವ, ದಾರಿಯಲ್ಲಿ ಚಿಕಿತ್ಸೆಯ ಅಗತ್ಯ ಬೀಳದ ರೋಗಿಗಳಿಗೆ ಮಾತ್ರ ಇದು ಒದಗುತ್ತದೆ. ಇಳಿದವರನ್ನು ಕಾರಿನಲ್ಲಿ ಆಸ್ಪತ್ರೆಗೆ ಬಿಡುವ ಸ್ವಯಂಸೇವಕರಿಗೆ ಇಲ್ಲಿ ‘ಅರ್ಥ್ ಏಂಜೆಲ್’ ಎನ್ನುತ್ತಾರೆ. ಹೆಸರು ಕೇಳಿ ನಗು ಬರಬಹುದು; ನಾನೂ ಅಂಥ ಒಬ್ಬ ಚಾಲಕ. ಆ ಪೈಲಟ್‌ರ ಪರಿಚಯವಾದದ್ದು ಹಾಗೆ.

ಅವರಿಗೆ ಈಗ ಎಪ್ಪತ್ತೇಳು. ಅವರದು ಸೆಸ್ನಾ 182, ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನ. ಒಳಗೆ ಕುಳಿತರೆ ಹಳೆಯ ಮಾರುತಿ 800ರಷ್ಟೇ ಇಕ್ಕಟ್ಟು. ಗಂಟೆಗೆ ಸುಮಾರು 50 ಲೀಟರ್ ಇಂಧನ ಕುಡಿಯುವ ಈ ವಿಮಾನದಲ್ಲಿ ಅವರು ಹೆಚ್ಚಾಗಿ ಉತ್ತರದ ಯುರೇಕಾ ಕಡೆಯ ರೋಗಿಗಳನ್ನು ಇಲ್ಲಿನ ಆಸ್ಪತ್ರೆಯ ಊರಾದ ಪಾಲೊ ಆಲ್ಟೊಗೆ ಕರೆತರುತ್ತಾರೆ. ರಸ್ತೆಯಲ್ಲಿ ಬಂದರೆ ಐದಾರು ಗಂಟೆಗಳ ದಾರಿ. ಕೀಮೊಥೆರಪಿ ಮುಗಿಸಿಕೊಂಡು ಹೊರಟ ಮಗುವಿಗೆ ರೆಡ್‌ವುಡ್ ಕಾಡಿನ ಆ ತಿರುವುಗಳಲ್ಲಿ ಏನಾಗುತ್ತದೆಂದು ಊಹಿಸಿಕೊಳ್ಳಿ. ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ.

ಹೊರಡುವ ಮೊದಲು ಅವರು ಪ್ರತಿಯೊಬ್ಬರ ತೂಕವನ್ನೂ ಚೀಲದ ತೂಕವನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಬಳಿಕ ರೆಕ್ಕೆಯ ಅಡಿಯ ಕವಾಟಕ್ಕೆ ಒಂದು ಪಾರದರ್ಶಕ ಲೋಟ ಒತ್ತಿ, ಸ್ವಲ್ಪ ಇಂಧನ ಇಳಿಸಿಕೊಂಡು, ಬೆಳಕಿಗೆ ಹಿಡಿದು ನೋಡುತ್ತಾರೆ. ಇಂಧನ ತಿಳಿನೀಲಿಯಾಗಿರಬೇಕು, ನೀರು ಸೇರಿದ್ದರೆ ಅದು ತಳದಲ್ಲಿ ಬೇರೆಯಾಗಿ ಗುಳ್ಳೆಯಂತೆ ನಿಲ್ಲುತ್ತದೆ. ಈ ಪರೀಕ್ಷೆಯನ್ನು ಎಲ್ಲ ಪೈಲಟ್‌ಗಳೂ ಮಾಡುತ್ತಾರೆ, ಆದರೆ ಪಕ್ಕದಲ್ಲಿ ನಿಂತ ಮಗುವಿನ ಕೈಗೆ ಲೋಟ ಕೊಟ್ಟು, ಬಣ್ಣ ಸರಿಯಿದೆಯೇ ಎಂದು ಗಂಭೀರವಾಗಿ ಕೇಳಿ, ಉತ್ತರಕ್ಕಾಗಿ ಕಾಯುವವರನ್ನು ನಾನು ಬೇರೆ ಕಂಡಿಲ್ಲ.

ಅವರು 1969ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ವಿಯೆಟ್ನಾಮಿನಲ್ಲಿ ಹ್ಯೂಯಿ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ಗಾಯಾಳುಗಳನ್ನು ರಣರಂಗದಿಂದ ಎತ್ತಿಕೊಂಡು ಬರುವ ಆ ಪಡೆಗಳ ರೇಡಿಯೊ ಹೆಸರು ‘ಡಸ್ಟ್‌ಆಫ್’. ಇಬ್ಬರು ಪೈಲಟ್‌ಗಳು, ಒಬ್ಬ ವೈದ್ಯಕೀಯ ಸಹಾಯಕ, ಒಬ್ಬ ಮೆಕ್ಯಾನಿಕ್. ಹೆಲಿಕಾಪ್ಟರಿನ ಮೇಲೆ ಕೆಂಪು ಶಿಲುಬೆ. ಇಳಿಯಲು ಜಾಗವಿಲ್ಲದ ಕಾಡಿನಲ್ಲಿ ಮರಗಳ ತುದಿಯ ಮೇಲೆ ಅಲುಗಾಡದೆ ನಿಂತು, ಉಕ್ಕಿನ ಹಗ್ಗ ಇಳಿಬಿಟ್ಟು ಗಾಯಾಳುವನ್ನು ಮೇಲಕ್ಕೆಳೆದುಕೊಳ್ಳುವುದು ಎಲ್ಲಕ್ಕಿಂತ ಅಪಾಯದ ಕೆಲಸವಾಗಿತ್ತು, ಏಕೆಂದರೆ ಅಷ್ಟು ಹೊತ್ತು ನಿಶ್ಚಲವಾಗಿ ನಿಂತ ಹೆಲಿಕಾಪ್ಟರ್ ಕೆಳಗಿನವರ ಗುಂಡಿಗೆ ಸುಲಭದ ಗುರಿ. ಈ ಪಡೆಗಳ ಧೋರಣೆಯನ್ನು ರೂಪಿಸಿದವರು ಮೇಜರ್ ಚಾರ್ಲ್ಸ್ ಕೆಲ್ಲಿ. 1964ರ ಜುಲೈ 1ರಂದು ಗುಂಡಿನ ದಾಳಿಯ ನಡುವೆ ಹಿಂತಿರುಗಲು ಸೂಚನೆ ಬಂದಾಗ, ನಿಮ್ಮ ಗಾಯಾಳುಗಳು ನನ್ನ ಕೈಗೆ ಬಂದ ಮೇಲೆ ಎಂದು ಉತ್ತರಿಸಿದ ಅವರು ಅಲ್ಲೇ ಗುಂಡು ತಗುಲಿ ತೀರಿಕೊಂಡರು. ಆಮೇಲೆ ಬಂದ ಹುಡುಗರೆಲ್ಲ ಆ ಮಾತನ್ನು ಕೇಳಿಯೇ ಬೆಳೆದರು.

ವಯಸ್ಸಿನ ಮಾತು ಬಂದಾಗ ಅವರು ನೆನೆಯುವುದು ಮೈಕಲ್ ನೊವೊಸೆಲ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್ ಹಾರಿಸಿದ್ದ ನೊವೊಸೆಲ್, ವಾಯುಪಡೆಯ ಮೀಸಲು ದಳದ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನು ಬಿಟ್ಟು, ಭೂಸೇನೆಯಲ್ಲಿ ಅದಕ್ಕಿಂತ ಕೆಳಗಿನ ವಾರಂಟ್ ಆಫೀಸರ್ ಆಗಿ ಸೇರಿ, 1969ರ ಅಕ್ಟೋಬರ್ 2ರಂದು ವಿಯೆಟ್ನಾಮಿನಲ್ಲಿ ಡಸ್ಟ್‌ಆಫ್ ಹೆಲಿಕಾಪ್ಟರಿನಲ್ಲಿ 29 ಸೈನಿಕರನ್ನು ಪಾರುಮಾಡಿ, ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಪಡೆದರು. ಆಗ ಅವರಿಗೆ 47. “ನಮ್ಮ ಕಣ್ಣಿಗೆ ಅವರು ಮುದುಕರು. ಈಗ ನಾನು ಅವರಿಗಿಂತ ಮೂವತ್ತು ವರ್ಷ ದೊಡ್ಡವನು,” ಎಂದು ಇವರು ನಕ್ಕಿದ್ದುಂಟು. ಯುದ್ಧವನ್ನು ಹೊಗಳಿ ಆಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಒಮ್ಮೆ ಚಿಕಿತ್ಸೆ ಮುಗಿದ ಮಗುವನ್ನೂ ತಾಯಿಯನ್ನೂ ಮಧ್ಯಾಹ್ನ ವಿಮಾನನಿಲ್ದಾಣಕ್ಕೆ ಕರೆತಂದಾಗ, ಅವರು ರೆಕ್ಕೆಯ ನೆರಳಿನಲ್ಲಿ ನಿಂತು ಟ್ಯಾಬ್ಲೆಟ್ಟಿನಲ್ಲಿ ಯುರೇಕಾ ಬಳಿಯ ಆರ್ಕೇಟಾ ನಿಲ್ದಾಣದ ಹವಾಮಾನ ನೋಡುತ್ತಿದ್ದರು. ಆ ಕಡಲಂಚಿನ ನಿಲ್ದಾಣ ಮಂಜಿಗೆ ಹೆಸರುವಾಸಿ. ಮಂಜಿನಲ್ಲಿ ವಿಮಾನ ಇಳಿಸುವ ಪ್ರಯೋಗಗಳಿಗೆ ಅಮೆರಿಕದ ನೌಕಾಪಡೆ ಅದನ್ನೇ ಆರಿಸಿಕೊಂಡಿತ್ತೆಂದರೆ ನೋಡಿ. ಉಪಕರಣಗಳ ನೆರವಿನಿಂದ ಇಳಿಯುವ ಅರ್ಹತೆ ಅವರಿಗಿತ್ತು, ನಿಯಮದ ಪ್ರಕಾರ ಹೋಗಲೂಬಹುದಿತ್ತು. ಅವರು ತಾಯಿಯ ಬಳಿ ಬಂದು, ಇಂದು ಹೊರಡುವುದಿಲ್ಲ, ನಾಳೆ ಬೆಳಗ್ಗೆ ಮತ್ತೆ ನೋಡೋಣ ಎಂದರು. ಮಗು ಅತ್ತಿತು, ತಾಯಿಯ ಮುಖವೂ ಬಾಡಿತು. ಅವರು ಮಾತು ಬದಲಿಸಲಿಲ್ಲ.

ಆ ಇಬ್ಬರನ್ನೂ ವಸತಿಗೃಹಕ್ಕೆ ಬಿಟ್ಟು ಬಂದು, ಗುಂಡಿನ ಸುರಿಮಳೆಯಲ್ಲಿ ಹಾರಿದವರು ಮಂಜಿಗೆ ನಿಲ್ಲುವುದೇ ಎಂದು ತುಸು ಸಲಿಗೆಯಿಂದಲೇ ಕೇಳಿದೆ. “ಅಲ್ಲಿ ನಾವು ಹೋಗದಿದ್ದರೆ ಅವನು ಸಾಯುತ್ತಿದ್ದ. ಈ ಮಗು ನಾಳೆ ಮನೆಗೆ ಹೋದರೆ ಏನೂ ಆಗುವುದಿಲ್ಲ,” ಎಂದರು. ಯುದ್ಧದಲ್ಲಿ ಕಲಿತದ್ದನ್ನೇ ಇಲ್ಲಿಯೂ ನಡೆಸಲು ಹೋಗಿದ್ದರೆ ಅವರ ವಿಮಾನಕ್ಕೆ ಯಾರನ್ನೂ ಹತ್ತಿಸಲು ನಾನು ಒಪ್ಪುತ್ತಿರಲಿಲ್ಲ.

ಇನ್ನು ಕಾನೂನಿನ ಮಾತು. ಅಮೆರಿಕದಲ್ಲಿ ವಿಮಾನಯಾನ ಕಂಪನಿಗಳ ಪೈಲಟ್‌ಗಳು 65ಕ್ಕೆ ನಿವೃತ್ತರಾಗಲೇಬೇಕು. ಖಾಸಗಿಯಾಗಿ ಹಾರಿಸುವವರಿಗೆ ವಯೋಮಿತಿಯಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ತರಬೇತುದಾರರ ಮುಂದೆ ಹಾರಿ ತೋರಿಸಬೇಕು, ನಿಗದಿತ ಅವಧಿಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಪ್ರಯಾಣಿಕರನ್ನು ಕರೆದೊಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ಮೇಲೇರಿ ಇಳಿದಿರಬೇಕು. ನನ್ನ ಅಭಿಪ್ರಾಯದಲ್ಲಿ ಆ ವಯಸ್ಸಿಗೆ ಇಷ್ಟೇ ಸಾಲದು. ಅವರೂ ಹಾಗೆಯೇ ಭಾವಿಸಿರಬೇಕು: ರಾತ್ರಿ ಹಾರುವುದನ್ನು ಬಿಟ್ಟಿದ್ದಾರೆ, ರೋಗಿಗಳಿದ್ದಾಗ ಬಲಗಡೆಯ ಸೀಟಿನಲ್ಲಿ ಇನ್ನೊಬ್ಬ ತರುಣ ಪೈಲಟ್ ಇಲ್ಲದೆ ಹೊರಡುವುದಿಲ್ಲ, ಮತ್ತು ನೀನು ಇಳಿಸು ಎಂದು ಆ ತರುಣನಿಗೆ ಹೇಳುವುದು ಇತ್ತೀಚೆಗೆ ಹೆಚ್ಚಾಗಿದೆ.